ಬಲದಿಂದ ಎಡಕ್ಕೆ ಓದುವ ವಿಳಾಸ

2025ರಲ್ಲಿ ವಿಜಯಪುರ ಜಿಲ್ಲೆ ಎರಡು ಸಲ ರಾಜ್ಯದವರ ಬಾಯಿಗೆ ಬಿತ್ತು. ಮೇ ತಿಂಗಳಲ್ಲಿ ಬಸವನ ಬಾಗೇವಾಡಿ ತಾಲ್ಲೂಕಿನ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಜನ ಅಡವಿಟ್ಟಿದ್ದ ಸುಮಾರು 59 ಕೆ.ಜಿ. ಬಂಗಾರ ಕಳುವಾಯಿತು. ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರನ್ನೇ ಪೊಲೀಸರು ಬಂಧಿಸಿದರು, ನಕಲಿ ಕೀಲಿ ಮಾಡಿಸಿದ್ದರೆಂದು ತನಿಖೆಯ ನಂತರ ಹೇಳಿದರು. ಸೆಪ್ಟೆಂಬರ್ 16ರಂದು ಚಡಚಣದ ಸ್ಟೇಟ್ ಬ್ಯಾಂಕಿಗೆ ಪಿಸ್ತೂಲು ಹಿಡಿದು ನುಗ್ಗಿದವರು ಸಿಬ್ಬಂದಿಯನ್ನು ಕಟ್ಟಿಹಾಕಿ ಬಂಗಾರ, ರೊಕ್ಕ ಎರಡನ್ನೂ ಹೊತ್ತುಕೊಂಡು ಹೋದರು. ಇಂಡಿಯ ಬಸ್‌ಸ್ಟ್ಯಾಂಡಿನಿಂದ ಮುದ್ದೇಬಿಹಾಳದ ಚಹಾದಂಗಡಿಯವರೆಗೆ ಎಷ್ಟೋ ದಿನ ಅದೇ ಮಾತು. ಯಾರ ಬಂಗಾರ, ಎಷ್ಟು ತೊಲ, ವಿಮೆ ಬರುತ್ತದೋ ಇಲ್ಲವೋ.

ಆದರೆ ಇದೇ ತಾಲ್ಲೂಕುಗಳಲ್ಲಿ ಕೀಲಿಯೂ ಬೇಡದ, ಪಿಸ್ತೂಲೂ ಬೇಡದ ಇನ್ನೊಂದು ಕಳ್ಳತನ ನಡೆಯುತ್ತದೆ. ಅದರ ಬಗ್ಗೆ ಚಹಾದಂಗಡಿಯಲ್ಲಿ ಯಾರೂ ಮಾತಾಡುವುದಿಲ್ಲ, ಏಕೆಂದರೆ ರೊಕ್ಕ ಕಳೆದುಕೊಂಡವರೇ ಬಾಯಿ ಬಿಡುವುದಿಲ್ಲ. ಬ್ಯಾಂಕಿನದೋ, ಸರ್ಕಾರದ್ದೋ, ಕೆಲಸ ಕೊಡುವ ಕಂಪನಿಯದೋ ವೇಷ ಹಾಕಿದ ಒಂದು ಇಮೇಲ್ ಅಥವಾ ಮೆಸೇಜ್ ಬರುತ್ತದೆ. ಅದರಲ್ಲಿ ಒಂದು ಲಿಂಕ್. ಒತ್ತಿದರೆ ಥೇಟ್ ಅಸಲಿಯಂತೆಯೇ ಕಾಣುವ ಪುಟ. ಅಲ್ಲಿ ಪಾಸ್‌ವರ್ಡು, ಕಾರ್ಡಿನ ನಂಬರು, ಒಟಿಪಿ ತುಂಬಿದೊಡನೆ ಅಷ್ಟೂ ಕಳ್ಳನ ಕೈಗೆ. ಇದಕ್ಕೇ ಫಿಶಿಂಗ್ ಅನ್ನುತ್ತಾರೆ.

“ನಮ್ಮ ಕಡೆ ಇಮೇಲ್ ಯಾರು ನೋಡ್ತಾರ್ರೀ?” ಎಂದು ಕೇಳುವವರಿದ್ದಾರೆ. ನೋಡದೆ ಇರುವುದೇ ಅಪಾಯ ಎಂಬುದು ನನ್ನ ಅಭಿಪ್ರಾಯ. ಸ್ಮಾರ್ಟ್‌ಫೋನ್ ಕೊಂಡ ದಿನವೇ ಅಂಗಡಿಯ ಹುಡುಗ ಒಂದು ಜಿಮೇಲ್ ಖಾತೆ ಮಾಡಿಕೊಟ್ಟಿರುತ್ತಾನೆ. ಪಾಸ್‌ವರ್ಡು ಮಾಲೀಕರ ಮೊಬೈಲ್ ನಂಬರೋ, ಮಗನ ಹೆಸರಿನ ಮುಂದೆ 123 ಎಂದೋ ಇರುತ್ತದೆ. ಅದು ಹುಡುಗನಿಗೆ ನೆನಪಿದ್ದರೂ ಮಾಲೀಕರಿಗೆ ನೆನಪಿಲ್ಲ. ಆಮೇಲೆ ಅದೇ ಖಾತೆಗೆ ಫೋಟೊಗಳು, ಕಾಂಟ್ಯಾಕ್ಟ್‌ಗಳು, ಡಿಜಿಲಾಕರು, ಬ್ಯಾಂಕಿನ ಸ್ಟೇಟ್‌ಮೆಂಟು ಎಲ್ಲ ಬಂದು ಸೇರುತ್ತವೆ. ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂದು ಒತ್ತಿದರೆ ಹೊಸ ಪಾಸ್‌ವರ್ಡಿನ ದಾರಿ ಬಂದು ಬೀಳುವುದು ಬಹುಪಾಲು ಆ ಇಮೇಲಿಗೇ. ಅದೊಂದು ಕಳ್ಳನ ವಶವಾದರೆ ಉಳಿದವು ಒಂದೊಂದಾಗಿ ಅದರ ಹಿಂದೆಯೇ ಹೋಗುತ್ತವೆ.

ಇಮೇಲನ್ನು ದಿನವೂ ನೋಡುವವರೂ ಈಗ ಕಡಿಮೆ ಇಲ್ಲ. ಸಿಇಟಿ ಬರೆದ ವಿದ್ಯಾರ್ಥಿಗಳು, ಬೆಂಗಳೂರು-ಪುಣೆಗೆ ಅರ್ಜಿ ಹಾಕಿ ಕಾದಿರುವ ಡಿಪ್ಲೊಮಾ ಹುಡುಗರು, ಪಿಡಿಒಗಳು, ಶಾಲೆಯ ಮುಖ್ಯೋಪಾಧ್ಯಾಯರು, ಒಣದ್ರಾಕ್ಷಿ ಕಳಿಸುವ ವ್ಯಾಪಾರಿಗಳು, ಸಹಕಾರಿ ಸಂಘಗಳ ಕಾರ್ಯದರ್ಶಿಗಳು. ಇವರೆಲ್ಲರಿಗೂ ಬರುವ ಗಾಳ ಒಂದೇ ಅಲ್ಲ. ಗಾಳ ಹಾಕುವವನು ಕಾಲ ನೋಡಿ ಹಾಕುತ್ತಾನೆ.

ನನಗೆ ಮುಖ್ಯವೆನಿಸುವ ಸಂಗತಿ ಇದು: ಈ ಸುಳ್ಳುಗಳು ಗಾಳಿಯಲ್ಲಿ ಹುಟ್ಟುವುದಿಲ್ಲ, ಯಾವುದೋ ಒಂದು ನಿಜದ ನೆರಳಿನಲ್ಲೇ ಬೆಳೆಯುತ್ತವೆ. ‘ಕೆವೈಸಿ ಅವಧಿ ಮುಗಿದಿದೆ, ಖಾತೆ ಬಂದಾಗುತ್ತದೆ’ ಎಂಬ ಮೆಸೇಜು ನಂಬಿಕೆ ಹುಟ್ಟಿಸುವುದು ಏಕೆ? ಕೆವೈಸಿ ನವೀಕರಣ ನಿಜವಾಗಿಯೂ ಇದೆ. 2025ರ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಬ್ಯಾಂಕುಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇದಕ್ಕೆಂದೇ ಶಿಬಿರ ನಡೆಸಿದವು. ಪಿಎಂ-ಕಿಸಾನ್ ಕಂತು ಬರಲು ಇ-ಕೆವೈಸಿ ಬೇಕೇ ಬೇಕು. ತೊಗರಿಯನ್ನು ಬೆಂಬಲ ಬೆಲೆಗೆ ಮಾರುವ ಸಿಂದಗಿಯ ರೈತನಿಗೆ ಫ್ರೂಟ್ಸ್ ಐಡಿ ಬೇಕು. ಗೃಹಲಕ್ಷ್ಮಿಯ 2000 ರೂಪಾಯಿ ತಡವಾದರೆ ಮನೆಯಾಕೆ ‘ಯಾಕೆ ಬಂದಿಲ್ಲ’ ಎಂದು ಹುಡುಕುವುದು ಸಹಜ. ಆ ಹುಡುಕಾಟದ ಹೊತ್ತಿಗೆ ಸರಿಯಾಗಿ ಒಂದು ಲಿಂಕು ಬಂದರೆ ಅದನ್ನು ಒತ್ತಿದವರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ.

ಮುಂದೆ ಬರಬಹುದಾದ ಇನ್ನೊಂದು ವೇಷದ ಬಗ್ಗೆ ಕೃಷ್ಣಾ ತೀರದವರಿಗೆ ಈಗಲೇ ಹೇಳಬೇಕು. ಆಲಮಟ್ಟಿ ಅಣೆಕಟ್ಟೆಯ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ, ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕಾಗಿ, ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಲು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿತು. ಇಷ್ಟು ದೊಡ್ಡ ರೊಕ್ಕ ಬರುವ ದಾರಿಯಲ್ಲಿ ‘ಪರಿಹಾರದ ಪಟ್ಟಿಯಲ್ಲಿ ನಿಮ್ಮ ಹೆಸರು ನೋಡಿ, ಇಲ್ಲಿ ಒತ್ತಿ’ ಎಂಬ ಮೆಸೇಜು ಬಾರದೆ ಇದ್ದರೆ ಅದೇ ಆಶ್ಚರ್ಯ.

ಹಿಂದೆಲ್ಲ ಇಂಥವನ್ನು ಭಾಷೆಯಿಂದಲೇ ಹಿಡಿಯಬಹುದಿತ್ತು. ‘ಪ್ರೀತಿಯ ಗ್ರಾಹಕ, ನಿಮ್ಮ ಖಾತೆ ಅಮಾನತು ಮಾಡಲಾಗುವುದು ಆಗಿದೆ’ ಎಂಬಂಥ ಕನ್ನಡ ನೋಡಿದರೆ ಯಂತ್ರ ಅನುವಾದಿಸಿದ್ದು ಎಂದು ಶಾಲೆಯ ಮಗುವಿಗೂ ಗೊತ್ತಾಗುತ್ತಿತ್ತು. ಅಕ್ಷರ ತಪ್ಪು ಕಳ್ಳತನವನ್ನು ಹಿಡಿದುಕೊಟ್ಟ ದೊಡ್ಡ ಉದಾಹರಣೆಯೂ ಇದೆ. ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿಗೆ 2015ರಲ್ಲಿ ಕೆಲಸ ಕೇಳುವವನ ವೇಷದ ಇಮೇಲ್ ಬಂತು. ಅರ್ಜಿದಾರನ ಬಯೋಡೇಟಾ ಎಂದು ತೆರೆದ ಕಡತದಿಂದ ಕಳ್ಳರು ಒಳಹೊಕ್ಕರು. ವರ್ಷ ಕಾದು, 2016ರ ಫೆಬ್ರುವರಿಯಲ್ಲಿ ಸುಮಾರು 95 ಕೋಟಿ ಡಾಲರ್ ಎತ್ತಲು ನೋಡಿದರು. 8.1 ಕೋಟಿ ಡಾಲರ್ ಫಿಲಿಪ್ಪೀನ್ಸ್‌ಗೆ ಹೋಗಿಯೇ ಬಿಟ್ಟಿತು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ನಿಂತಿತು, ‘ಫೌಂಡೇಶನ್’ ಎಂದು ಬರೆಯಬೇಕಾದಲ್ಲಿ ‘ಫ್ಯಾಂಡೇಶನ್’ ಎಂದು ಬರೆದಿದ್ದರಿಂದ. ಆ ಕಾಲ ಮುಗಿಯಿತು. ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದ ಮೇಲೆ ಕಳ್ಳನ ಪತ್ರದ ಕನ್ನಡ ಕೆಲವು ಸರ್ಕಾರಿ ಸುತ್ತೋಲೆಗಳ ಕನ್ನಡಕ್ಕಿಂತ ಚೆನ್ನಾಗಿರುತ್ತದೆ. ಲೋಗೊ, ಬಣ್ಣ, ಸಹಿ, ಸೀಲು ಯಾವುದೂ ಈಗ ಗುರುತಲ್ಲ.

ಓದಿದವರು ಬೀಳುವುದಿಲ್ಲ ಎಂಬ ನಂಬಿಕೆಯನ್ನೂ ಬಿಡಬೇಕು. 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಪ್ರೊ ಕಂಪನಿ ತನ್ನ ಕೆಲವು ಉದ್ಯೋಗಿಗಳ ಖಾತೆಗಳು ಫಿಶಿಂಗ್ ದಾಳಿಗೆ ಸಿಕ್ಕಿದ್ದವು ಎಂದು ಒಪ್ಪಿಕೊಂಡಿತು. ಜಗತ್ತಿನ ಕಂಪನಿಗಳ ಕಂಪ್ಯೂಟರುಗಳನ್ನು ಕಾಯುವವರೇ ಅವರು.

ಹಾಗಾದರೆ ಯಾವುದನ್ನು ನೋಡಬೇಕು? ಲಿಂಕಿನ ವಿಳಾಸವನ್ನು. ಅದರಲ್ಲೂ ಅದರ ಬಲಗಡೆಯನ್ನು.

ನಮ್ಮ ಕಡೆ ಅರ್ಜಿಯಲ್ಲಿ ವಿಳಾಸ ಬರೆಯುವ ಬಗೆ ಗೊತ್ತೇ ಇದೆ: ಸಾ॥ ತಾಂಬಾ, ತಾ॥ ಇಂಡಿ, ಜಿ॥ ವಿಜಯಪುರ. ಪತ್ರ ವಿಂಗಡಿಸುವ ಅಂಚೆಯವರು ಮೊದಲು ನೋಡುವುದು ಕೊನೆಯ ಜಿಲ್ಲೆಯನ್ನು, ಆಮೇಲೆ ತಾಲ್ಲೂಕು, ಆಮೇಲೆ ಊರು. ಒಬ್ಬ ‘ಸಾ॥ ವಿಜಯಪುರ, ತಾ॥ ಇಂಡಿ’ ಎಂದು ಶುರುಮಾಡಿ ಕೊನೆಯಲ್ಲಿ ‘ಜಿ॥ ಸೊಲ್ಲಾಪುರ’ ಎಂದು ಬರೆದರೆ ಆ ಪತ್ರ ಸೊಲ್ಲಾಪುರಕ್ಕೇ ಹೋಗುತ್ತದೆ. ಇಂಟರ್ನೆಟ್ಟಿನ ವಿಳಾಸವೂ ಹೀಗೆಯೇ. ಯಾರ ಮನೆ ಎಂದು ಹೇಳುವುದು ಅದರ ಬಾಲ, ತಲೆಯಲ್ಲ.

ಸ್ಟೇಟ್ ಬ್ಯಾಂಕಿನ ವಿಳಾಸ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್’. ಕಳ್ಳ ‘ಎಸ್‌ಬಿಐ ಡಾಟ್ ಬ್ಯಾಂಕ್ ಡಾಟ್ ಇನ್ ಡಾಟ್ ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್’ ಎಂಬ ವಿಳಾಸ ಕಟ್ಟಬಲ್ಲ. ಎಡದಿಂದ ಓದುವ ಕಣ್ಣಿಗೆ ಎಸ್‌ಬಿಐ, ಬ್ಯಾಂಕ್ ಎಲ್ಲ ಸಿಕ್ಕಿಬಿಡುತ್ತವೆ. ಫೋನಿನ ಚಿಕ್ಕ ಪರದೆಯಲ್ಲಂತೂ ಅಷ್ಟೇ ಕಂಡು ಉಳಿದದ್ದು ಮರೆಯಾಗಬಹುದು. ಬಲದಿಂದ ಓದಿ: ಟಾಪ್, ಅದರ ಹಿಂದೆ ಕೆವೈಸಿ-ಅಪ್‌ಡೇಟ್. ಮನೆ ಮಾಲೀಕ ಅವನೇ. ಮುಂದಿನ ಎಸ್‌ಬಿಐ ಎಂಬುದು ಅವನು ತನ್ನ ಮನೆಯ ಒಂದು ಕೋಣೆಗೆ ಇಟ್ಟ ಹೆಸರು.

ಬಲ ಅಂದರೆ ಎಲ್ಲಿಂದ ಎಂಬುದು ಮುಖ್ಯ. ವಿಳಾಸದ ಆರಂಭದಲ್ಲಿ ಎಚ್‌ಟಿಟಿಪಿಎಸ್ ಎಂದು ಬರೆದು ಎರಡು ಓರೆಗೆರೆ ಇರುತ್ತವೆ. ಅವುಗಳ ನಂತರ ಸಿಗುವ ಮೊದಲ ಒಂಟಿ ಓರೆಗೆರೆಯೇ ಗಡಿ. ಆ ಗೆರೆಯಿಂದ ಹಿಂದಕ್ಕೆ ಓದಬೇಕು. ಗೆರೆಯ ಮುಂದೆ ‘ಪಿಎಂಕಿಸಾನ್’ ಎಂದಿರಲಿ, ‘ಕರ್ನಾಟಕ ಸರ್ಕಾರ’ ಎಂದಿರಲಿ, ಕವಡೆ ಕಿಮ್ಮತ್ತಿಲ್ಲ. ಅಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಗಡಿಯೊಳಗೆ ‘ಆ್ಯಟ್’ ಎಂಬ ಸುರುಳಿ ಚಿಹ್ನೆ ಇದ್ದರೆ ಅದಕ್ಕಿಂತ ಮೊದಲಿನದೆಲ್ಲ ಬರೀ ಅಲಂಕಾರ, ನಿಜವಾದ ವಿಳಾಸ ಅದರ ಆಮೇಲಿನದು. ಚುಕ್ಕೆಗೂ ಅಡ್ಡಗೆರೆಗೂ ವ್ಯತ್ಯಾಸ ದೊಡ್ಡದು: ‘ಗವ್ ಡಾಟ್ ಇನ್’ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ, ‘ಗವ್-ಇನ್ ಡಾಟ್ ಕಾಮ್’ ಯಾರಿಗಾದರೂ ಸಿಗುತ್ತದೆ.

ಅಕ್ಷರ ಬದಲಿಸುವ ಚಾಳಿಯೂ ಇದೆ. ಇಂಗ್ಲಿಷಿನ ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ಬರೆದರೆ ವಯಸ್ಸಾದ ಕಣ್ಣಿಗೆ ಅದು ಎಂ. ಐ ಜಾಗದಲ್ಲಿ ಒಂದು, ಒ ಜಾಗದಲ್ಲಿ ಸೊನ್ನೆ. ನಮ್ಮ ಕನ್ನಡದ ಸೊನ್ನೆಯೂ ಇಂಗ್ಲಿಷಿನ ಒ ಅಕ್ಷರವೂ ಅವಳಿಜವಳಿಯಂತಿವೆ ಎಂಬುದು ಕಳ್ಳರಿಗೂ ತಿಳಿದ ಸಂಗತಿ. ಹೀಗೆ ಎರಡು ಲಿಪಿ ಬೆರೆತ ವಿಳಾಸ ಬಂದರೆ ಒಳ್ಳೆಯ ಬ್ರೌಸರುಗಳು ಅದನ್ನು ‘ಎಕ್ಸ್‌ಎನ್’ ಎಂದು ಶುರುವಾಗಿ ಎರಡು ಅಡ್ಡಗೆರೆಯಿರುವ ವಿಚಿತ್ರ ಸಾಲಾಗಿ ತೋರಿಸುತ್ತವೆ. ಬ್ಯಾಂಕಿನ ಪುಟವೆಂದು ಹೋದಲ್ಲಿ ಹಾಗೆ ಕಂಡರೆ ಅಲ್ಲಿಂದಲೇ ವಾಪಸು.

ಬ್ಯಾಂಕಿನ ಅಸಲಿ ವಿಳಾಸ ಗುರುತಿಸುವುದಕ್ಕೆ ರಿಸರ್ವ್ ಬ್ಯಾಂಕ್ ಒಂದು ಒಳ್ಳೆಯ ಕೆಲಸ ಮಾಡಿದೆ, ಜನರಿಗೆ ಸರಿಯಾಗಿ ತಲುಪಿಲ್ಲ ಅಷ್ಟೆ. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ವಿಳಾಸವನ್ನು ‘ಬ್ಯಾಂಕ್ ಡಾಟ್ ಇನ್’ಗೆ ಬದಲಿಸಿಕೊಳ್ಳಬೇಕೆಂದು ಅದು ಆ ವರ್ಷದ ಏಪ್ರಿಲ್‌ನಲ್ಲಿ ಸೂಚಿಸಿತು. ಈ ಬಾಲವನ್ನು ಹೈದರಾಬಾದಿನ ಐಡಿಆರ್‌ಬಿಟಿ ಎಂಬ ಸಂಸ್ಥೆ ಬ್ಯಾಂಕುಗಳಿಗೆ ಮಾತ್ರ ಕೊಡುತ್ತದೆ. ಅಂದಮೇಲೆ ಬ್ಯಾಂಕಿನ ಪುಟ ಎನ್ನುವ ಯಾವುದೇ ಲಿಂಕು ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯದಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ವಿಳಾಸದ ಪಕ್ಕದ ಬೀಗದ ಚಿತ್ರವನ್ನು ಮಾತ್ರ ನಂಬಬೇಡಿ. ನಿಮಗೂ ಆ ಪುಟಕ್ಕೂ ನಡುವಿನ ಮಾತು ಬೇರೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೇ ಅದರ ಅರ್ಥ. ಆ ಕಡೆ ಕೂತವನು ಸಾಚಾ ಎಂದಲ್ಲ. ಜನ ತಪ್ಪು ತಿಳಿಯುತ್ತಾರೆಂದೇ ಗೂಗಲ್ 2023ರಲ್ಲಿ ತನ್ನ ಕ್ರೋಮ್ ಬ್ರೌಸರಿನಿಂದ ಆ ಬೀಗವನ್ನು ತೆಗೆದುಹಾಕಿತು.

ಇಮೇಲ್ ಕಳಿಸಿದವರ ಹೆಸರಿಗೂ ಇದೇ ನಿಯಮ. ದಪ್ಪಕ್ಷರದಲ್ಲಿ ಕಾಣುವ ಹೆಸರು ಕಳಿಸಿದವನು ತಾನೇ ಇಟ್ಟುಕೊಂಡದ್ದು. ಫೋನಿನ ಜಿಮೇಲ್‌ನಲ್ಲಿ ಆ ಹೆಸರಿನ ಕೆಳಗಿರುವ ಚಿಕ್ಕ ಬಾಣದ ಗುರುತು ಒತ್ತಿದರೆ ನಿಜವಾದ ವಿಳಾಸ ಬಿಚ್ಚಿಕೊಳ್ಳುತ್ತದೆ. ಹೆಸರು ‘ನೇಮಕಾತಿ ವಿಭಾಗ’, ವಿಳಾಸ ಯಾವನದೋ ಉಚಿತ ಜಿಮೇಲ್ ಖಾತೆ ಎಂದಾದರೆ ಆ ಆಫರ್ ಲೆಟರಿನ ಬೆಲೆ ತಿಳಿಯಿತಲ್ಲ. ‘ಭದ್ರತಾ ಠೇವಣಿ ಕಟ್ಟಿ, ಹಿಂತಿರುಗಿಸುತ್ತೇವೆ’ ಎಂಬ ಸಾಲು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಎಸ್‌ಎಂಎಸ್‌ಗೂ ಈಗ ಗುರುತು ಬಂದಿದೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2025ರಲ್ಲಿ ತಂದ ನಿಯಮದಂತೆ ಕಳಿಸಿದವರ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಇರುತ್ತದೆ: ಸರ್ಕಾರದ್ದಾದರೆ ಜಿ, ಪ್ರಚಾರಕ್ಕೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ. ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದ ‘ಪಿಎಂ-ಕಿಸಾನ್ ಇಲಾಖೆ’ಯ ಮೆಸೇಜಿಗೆ ಉತ್ತರ ಕೊಡುವ ಅಗತ್ಯವೇ ಇಲ್ಲ.

ಲಿಂಕನ್ನು ಒತ್ತದೆ ನೋಡುವುದು ಹೇಗೆ? ಫೋನಿನಲ್ಲಾದರೆ ಅದರ ಮೇಲೆ ಬೆರಳು ಒತ್ತಿ ಹಿಡಿಯಿರಿ, ತಟ್ಟಬೇಡಿ. ಪೂರ್ತಿ ವಿಳಾಸ ಅಥವಾ ಅದನ್ನು ಕಾಪಿ ಮಾಡುವ ಆಯ್ಕೆ ಬರುತ್ತದೆ. ಕಂಪ್ಯೂಟರಿನಲ್ಲಾದರೆ ಮೌಸಿನ ಬಾಣವನ್ನು ಅದರ ಮೇಲೆ ಸುಮ್ಮನೆ ಇಟ್ಟರೆ ಪರದೆಯ ಕೆಳಗಿನ ಮೂಲೆಯಲ್ಲಿ ವಿಳಾಸ ಮೂಡುತ್ತದೆ. ಕಾಪಿ ಮಾಡಿದ್ದನ್ನು ವೈರಸ್‌ಟೋಟಲ್ ಎಂಬ ಉಚಿತ ತಾಣದಲ್ಲಿ ಅಂಟಿಸಿದರೆ ಹಲವು ಭದ್ರತಾ ಕಂಪನಿಗಳ ಪಟ್ಟಿಗಳ ಜೊತೆ ಅದನ್ನು ಹೋಲಿಸಿ ಹೇಳುತ್ತದೆ. ‘ಬಿಟ್ ಡಾಟ್ ಎಲ್‌ವೈ’ ಎಂಬ ಗಿಡ್ಡ ಲಿಂಕಾದರೆ ಕೊನೆಗೆ ಒಂದು ಪ್ಲಸ್ ಚಿಹ್ನೆ ಸೇರಿಸಿ ತೆರೆಯಿರಿ, ಅದು ಎಲ್ಲಿಗೆ ಒಯ್ಯುತ್ತದೆಂದು ಮೊದಲೇ ತೋರಿಸುತ್ತದೆ.

ಇಲ್ಲಿ ಎರಡು ಎಚ್ಚರ. ವೈರಸ್‌ಟೋಟಲ್ ಕೆಂಪು ತೋರಿಸಿದರೆ ನಂಬಿ. ಹಸಿರು ತೋರಿಸಿದರೆ ಪೂರ್ತಿ ನಂಬಬೇಡಿ. ಬೆಳಿಗ್ಗೆ ಹುಟ್ಟಿ ಸಂಜೆಗೆ ಸಾಯುವ ಪುಟಗಳು ಇವು, ಪಟ್ಟಿಗೆ ಸೇರುವಷ್ಟರಲ್ಲಿ ಕೆಲಸ ಮುಗಿಸಿರುತ್ತವೆ. ಮತ್ತೊಂದು, ಪಾಸ್‌ವರ್ಡ್ ಬದಲಿಸುವ ಲಿಂಕು, ನಿಮ್ಮ ಖಾಸಗಿ ದಾಖಲೆಯ ಲಿಂಕು ಇಂಥವನ್ನು ಅಲ್ಲಿ ಹಾಕಬಾರದು. ಅಲ್ಲಿ ಹಾಕಿದ್ದನ್ನು ಬೇರೆಯವರೂ ನೋಡಬಹುದು.

ಇಷ್ಟೆಲ್ಲ ಪರೀಕ್ಷೆ ಎಲ್ಲರಿಂದ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಲಿಂಕು ಅಸಲಿಯೋ ನಕಲಿಯೋ ಎಂದು ತೀರ್ಮಾನಿಸುವ ಗೋಜಿಗೇ ಹೋಗದೆ, ಅದನ್ನು ಬಿಟ್ಟು ನಿಮಗೆ ಗೊತ್ತಿರುವ ದಾರಿಯಲ್ಲಿ ಹೋಗಿ. ಕೆವೈಸಿ ಬಾಕಿಯೇ? ಬ್ಯಾಂಕಿನ ಆ್ಯಪ್ ತೆರೆಯಿರಿ, ಇಲ್ಲವೆ ಪಾಸ್‌ಬುಕ್ ಹಿಡಿದು ಶಾಖೆಗೆ ಹೋಗಿ. ಕಿಸಾನ್ ಕಂತೇ? ರೈತ ಸಂಪರ್ಕ ಕೇಂದ್ರವಿದೆ. ಪರಿಹಾರದ ಪಟ್ಟಿಯೇ? ಭೂಸ್ವಾಧೀನ ಕಚೇರಿಯಿದೆ. ಬ್ಯಾಂಕಿನ ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಕಾರ್ಡಿನ ಹಿಂಬದಿಯಲ್ಲಿ ಮುದ್ರಿಸಿದ್ದನ್ನು ನೋಡಿ; ಹುಡುಕಾಟದಲ್ಲಿ ಮೇಲೆ ಬರುವ ನಂಬರು ಕಳ್ಳನದ್ದೂ ಆಗಿರಬಹುದು.

ವಾಟ್ಸ್ಆ್ಯಪಿನಲ್ಲಿ ಬರುವ ಇನ್ನೊಂದು ಬಗೆ ಹಳ್ಳಿಗಳಲ್ಲಿ ಇಮೇಲಿಗಿಂತ ಬೇಗ ಹಬ್ಬುತ್ತದೆ. ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’, ‘ಮದುವೆ ಕಾರ್ಡ್’ ಎಂದು ಹೆಸರಿರುವ ಒಂದು ಫೈಲು, ಕೊನೆಯಲ್ಲಿ ‘ಡಾಟ್ ಎಪಿಕೆ’. ಇದು ಪತ್ರವಲ್ಲ, ಫೋಟೊ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಕೇಳಿದ ಅನುಮತಿಗಳಿಗೆಲ್ಲ ‘ಅಲೋ’ ಒತ್ತಿದರೆ ನಿಮಗೆ ಬರುವ ಒಟಿಪಿ ಮೊದಲು ಅವರಿಗೆ ಹೋಗುತ್ತದೆ. ನಿಮ್ಮದೇ ನಂಬರಿನಿಂದ ನಿಮ್ಮ ಬೀಗರಿಗೆ, ಗೆಳೆಯರಿಗೆ ಅದೇ ಮದುವೆ ಕಾರ್ಡು ಹೋಗುವುದೂ ಉಂಟು. ಪರಿಚಿತರಿಂದ ಬಂತು ಎಂಬ ಕಾರಣಕ್ಕೆ ತೆರೆಯುತ್ತಾರೆ. ಲಗ್ನಪತ್ರಿಕೆಗೆ ಯಾವ ಆ್ಯಪೂ ಬೇಕಾಗಿಲ್ಲ.

ಈ ವಿಷಯದಲ್ಲಿ ಜನರಿಗೇ ಬುದ್ಧಿ ಹೇಳುತ್ತ ಕೂರುವುದು ನ್ಯಾಯವಲ್ಲ. ‘ಲಿಂಕ್ ಒತ್ತಬೇಡಿ’ ಎಂದು ಮೆಸೇಜು ಕಳಿಸುವ ಬ್ಯಾಂಕುಗಳೇ ಮರುದಿನ ಸಾಲದ ಆಫರಿಗೆ, ಕ್ರೆಡಿಟ್ ಕಾರ್ಡಿಗೆ ಗಿಡ್ಡ ಲಿಂಕು ಕಳಿಸುತ್ತವೆ. ಅದೂ ಇಂಗ್ಲಿಷಿನಲ್ಲಿ. ಯಾವುದನ್ನು ಒತ್ತಬೇಕು, ಯಾವುದನ್ನು ಬಿಡಬೇಕು ಎಂದು ಹೊಲದಲ್ಲಿ ನಿಂತ ಮನುಷ್ಯ ನಿರ್ಧರಿಸಬೇಕಂತೆ. ಬ್ಯಾಂಕುಗಳು ಮೆಸೇಜಿನಲ್ಲಿ ಲಿಂಕು ಹಾಕುವುದನ್ನು ಪೂರ್ತಿ ನಿಲ್ಲಿಸಿದರೆ ಈ ಅಂಕಣದ ಅರ್ಧ ಭಾಗ ಬೇಕಾಗುತ್ತಿರಲಿಲ್ಲ.

ಇಷ್ಟಾಗಿಯೂ ಒತ್ತಿಬಿಟ್ಟರೆ? ಬರೀ ತೆರೆದು, ಏನೂ ತುಂಬದೆ ಮುಚ್ಚಿದ್ದರೆ ಬಹುತೇಕ ಗಾಬರಿಯಾಗಬೇಕಿಲ್ಲ. ಪಾಸ್‌ವರ್ಡು ತುಂಬಿದ್ದರೆ ಬೇರೆ ಫೋನಿನಿಂದ ತಕ್ಷಣ ಬದಲಿಸಿ. ಆ್ಯಪ್ ಹಾಕಿಕೊಂಡಿದ್ದರೆ ಮೊದಲು ಡೇಟಾ, ವೈಫೈ ಆರಿಸಿ, ಬೇರೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ. ರೊಕ್ಕ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನೀವು ಕೊಟ್ಟ ವಿವರ ರೊಕ್ಕ ಹೋದ ಬ್ಯಾಂಕಿಗೆ ತಲುಪಿ, ಅದು ಇನ್ನೂ ಖಾತೆಯಲ್ಲಿದ್ದರೆ ಅಲ್ಲೇ ತಡೆಯಲಾಗುತ್ತದೆ. ಕಳ್ಳರು ಅದನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸುತ್ತಾರೆ, ಆದ್ದರಿಂದ ಊರ ಹಿರಿಯರನ್ನು ಕೇಳಿ ಬೆಳಿಗ್ಗೆ ನೋಡೋಣ ಎಂದರೆ ಆಟ ಮುಗಿದಿರುತ್ತದೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ವಿಜಯಪುರದ ಸಿಇಎನ್ ಪೊಲೀಸ್ ಠಾಣೆ ಇದೆ. ಬೇರೆಯವರ ವೇಷದಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆ ಉಂಟು.

ಬೇಗ ಹೇಳುವುದಕ್ಕೆ ಇನ್ನೊಂದು ಕಾರಣ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ತಂದ ನಿಯಮದಲ್ಲಿದೆ. ಬ್ಯಾಂಕಿನದೂ ನಿಮ್ಮದೂ ತಪ್ಪಿಲ್ಲದೆ ರೊಕ್ಕ ಹೋಗಿ, ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ಒಟಿಪಿ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅಂದರೆ ನಾಚಿಕೆಯಿಂದ ಬಾಯಿ ಮುಚ್ಚಿದ ಪ್ರತಿ ಗಂಟೆಯ ನಷ್ಟವೂ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ. ದೂರು ಕೊಟ್ಟ ತಾರೀಖು, ವೇಳೆ, ದೂರಿನ ನಂಬರು ಬರೆದಿಟ್ಟುಕೊಳ್ಳಿ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಕಂಪ್ಯೂಟರ್ ಸೆಂಟರಿನವರಲ್ಲಿ, ಮೊಬೈಲ್ ಅಂಗಡಿಯವರಲ್ಲಿ, ಗ್ರಾಮ ಒನ್ ನಡೆಸುವ ತಮ್ಮ-ತಂಗಿಯರಲ್ಲಿ ಒಂದು ವಿನಂತಿ. ಜಿಮೇಲ್ ಖಾತೆ ಮಾಡಿಕೊಟ್ಟಾಗ ಪಾಸ್‌ವರ್ಡನ್ನು ಆ ಮನೆಯವರೇ ಇಟ್ಟುಕೊಳ್ಳಲಿ, ಕಾಗದದಲ್ಲಿ ಬರೆದು ಟ್ರಂಕಿನಲ್ಲಿಟ್ಟರೂ ಅಡ್ಡಿಯಿಲ್ಲ. ಎರಡು ಹಂತದ ಪರಿಶೀಲನೆ ಹಾಕಿಕೊಡಿ. ಫೋನಿನ ಸೆಟ್ಟಿಂಗಿನಲ್ಲಿ ಹೊರಗಿನ ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡುವ ಅನುಮತಿಯನ್ನು ವಾಟ್ಸ್ಆ್ಯಪಿಗೂ ಬ್ರೌಸರಿಗೂ ಆರಿಸಿ. ಕೊನೆಗೆ ಕಾಂಟ್ಯಾಕ್ಟ್ ಪಟ್ಟಿಯಲ್ಲಿ 1930 ಸೇರಿಸಿ, ಹೆಸರನ್ನು ಕನ್ನಡದಲ್ಲೇ ‘ರೊಕ್ಕ ಹೋದರೆ’ ಎಂದು ಬರೆದುಕೊಡಿ.